ಮೊದಲು ದುಡ್ಡು, ಆಮೇಲೆ ಡಿಸ್ಕು

ಸತ್ತವರನ್ನು ಎಬ್ಬಿಸುವ ವಿದ್ಯೆ ಶುಕ್ರಾಚಾರ್ಯರ ಕಾಲಕ್ಕೇ ಮುಗಿಯಿತು ಎಂದುಕೊಂಡಿದ್ದವರಿಗೆ 2009ರ ಮಾರ್ಚ್ 23ರಂದು ಹಾಲಿವುಡ್ ಉತ್ತರ ಕೊಟ್ಟಿತು. ಅಂದು ವಾರ್ನರ್ ಬ್ರದರ್ಸ್ ಕಂಪನಿ ತನ್ನ ನೆಲಮಾಳಿಗೆಯ ಬಾಗಿಲನ್ನು ಒಂದು ಗೇಣು ತೆರೆದು, ಒಳಗೆ ಮಲಗಿದ್ದ ನೂರೈವತ್ತು ಹಳೆಯ ಸಿನಿಮಾಗಳ ಹೆಸರು ಕೂಗಿತು. ಸಂಜೀವಿನಿಯ ಬೆಲೆ ತಲಾ 19 ಡಾಲರ್ 95 ಸೆಂಟ್. ಕಚನನ್ನು ಬದುಕಿಸುವ ಮೊದಲು ಶುಕ್ರಾಚಾರ್ಯರು ದೇವಯಾನಿಯಿಂದ ಮುಂಗಡ ಕೇಳಿರಲಿಲ್ಲ. ಪಾಪ, ಅವರಿಗೆ ವ್ಯಾಪಾರ ಗೊತ್ತಿರಲಿಲ್ಲ.

ವಾರ್ನರ್ ಆರ್ಕೈವ್ ಕಲೆಕ್ಷನ್ ಎಂಬ ಈ ಯೋಜನೆಯ ನಿಯಮ ಮಗುವಿಗೂ ಅರ್ಥವಾಗುವಂಥದ್ದು. ನಿಮಗೆ ಬೇಕಾದ ಸಿನಿಮಾವನ್ನು ಪಟ್ಟಿಯಲ್ಲಿ ಹುಡುಕಿ ದುಡ್ಡು ಕಟ್ಟಬೇಕಿತ್ತು. ದುಡ್ಡು ಜಮೆಯಾದ ಮೇಲೆ ಅವರು ಒಂದು ಖಾಲಿ ಡಿವಿಡಿ ತೆಗೆದುಕೊಂಡು, ಅದಕ್ಕೆ ಆ ಸಿನಿಮಾ ಬರ್ನ್ ಮಾಡಿ, ಡಬ್ಬಿಯಲ್ಲಿಟ್ಟು ಅಂಚೆಗೆ ಹಾಕುತ್ತಿದ್ದರು. ನೀವು ಕೇಳದಿದ್ದರೆ ಆ ಡಿಸ್ಕ್ ಹುಟ್ಟುತ್ತಲೇ ಇರಲಿಲ್ಲ. ಮೊದಮೊದಲು ಈ ಸೌಭಾಗ್ಯ ಅಮೆರಿಕದ ವಿಳಾಸ ಉಳ್ಳವರಿಗೆ ಮಾತ್ರ. ನಟಿ ಗ್ರೇಟಾ ಗಾರ್ಬೊ ಎಂದರೆ ಪ್ರಾಣ ಬಿಡುವ ಮುದುಕರೊಬ್ಬರು ಬಸವನಗುಡಿಯಲ್ಲಿದ್ದರೆ, ಅವರಿಗೆ ದುಡ್ಡಿನ ಜೊತೆ ನ್ಯೂಜೆರ್ಸಿಯಲ್ಲೊಬ್ಬ ಅಳಿಯನೂ ಇರಬೇಕಿತ್ತು. ಆ ಅಳಿಯನ ಸೂಟ್‌ಕೇಸಿನಲ್ಲಿ ಚಾಕೊಲೇಟು, ಬಾದಾಮಿಯ ನಡುವೆ ಜಾಗವೂ ಇರಬೇಕಿತ್ತು.

ಈ ಯೋಜನೆಯ ಹಿಂದಿನ ಲೆಕ್ಕಾಚಾರಕ್ಕೆ ಮಾತ್ರ ಕೈ ಮುಗಿಯಲೇಬೇಕು. ಮಾಮೂಲು ಡಿವಿಡಿ ಎಂದರೆ ಕಾರ್ಖಾನೆಯ ಸರಕು. ಗಾಜಿನ ಮೇಲೆ ಮಾಸ್ಟರ್ ಮಾಡಬೇಕು, ಅದರಿಂದ ನಿಕಲ್ ಅಚ್ಚು ತೆಗೆಯಬೇಕು, ಕರಗಿದ ಪಾಲಿಕಾರ್ಬೊನೇಟನ್ನು ಆ ಅಚ್ಚಿಗೆ ಒತ್ತಬೇಕು. ಅಚ್ಚು ಹೂಡಿದ ಮೇಲೆ ನೂರಿನ್ನೂರು ಒತ್ತಿದರೆ ನಷ್ಟ; ಸಾವಿರಗಟ್ಟಲೆ ಒತ್ತಬೇಕು. ಒತ್ತಿದ್ದನ್ನು ಇಡಲು ಗೋದಾಮು, ಸಾಗಿಸಲು ಲಾರಿ, ತೋರಿಸಲು ಅಂಗಡಿಯ ಕಪಾಟು. ಇಷ್ಟೆಲ್ಲ ಆದ ಮೇಲೂ ಖರ್ಚಾಗದೆ ಉಳಿದರೆ ಅಂಗಡಿಯವನು ಅದೇ ಲಾರಿಯಲ್ಲಿ ವಾಪಸು ಕಳಿಸುತ್ತಾನೆ. ನಾಯಕ, ನಾಯಕಿ, ನಿರ್ದೇಶಕ ಮೂವರೂ ತೀರಿಕೊಂಡಿರುವ, ನೋಡಿದವರಲ್ಲೂ ಮುಕ್ಕಾಲುಪಾಲು ತೀರಿಕೊಂಡಿರುವ 1934ರ ಒಂದು ಪ್ರೇಮಕಥೆಗೆ ಇಷ್ಟು ಖರ್ಚು ಮಾಡುವ ಧೈರ್ಯ ಯಾವ ಮ್ಯಾನೇಜರಿಗಿದೆ? ಅದೂ 2008ರ ಆರ್ಥಿಕ ಕುಸಿತದ ಬೆನ್ನಿಗೆ, ಡಿವಿಡಿ ವ್ಯಾಪಾರವೇ ಇಳಿಮುಖವಾಗಿದ್ದಾಗ?

ಆರ್ಡರಿನ ಮೇಲೆ ಬರ್ನ್ ಮಾಡುವ ಉಪಾಯ ಗೋದಾಮು, ಲಾರಿ, ಕಪಾಟು, ವಾಪಸಾತಿ ಎಲ್ಲವನ್ನೂ ಒಂದೇ ಏಟಿಗೆ ಅಳಿಸಿಹಾಕಿತು. ನಷ್ಟದ ಭಯವೊಂದು ಉಳಿದಿತ್ತು. ಅದನ್ನು ಗಿರಾಕಿಯ ಹೆಗಲಿಗೆ ವರ್ಗಾಯಿಸಿದರು. ನಮ್ಮ ರಾಜ್‌ಕುಮಾರ್ ಅಭಿಮಾನಿಗಳನ್ನು ದೇವರು ಎಂದು ಕರೆದರು. ಹಾಲಿವುಡ್ಡಿನ ಲೆಕ್ಕಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅಭಿಮಾನಿಯನ್ನು ಫೈನಾನ್ಶಿಯರ್ ಮಾಡಿದರು. ಬಡ್ಡಿ ಕೇಳದ, ಲಾಭದಲ್ಲಿ ಪಾಲು ಕೇಳದ, ಡಿಸ್ಕ್ ಕೈಗೆ ಬಂದಾಗ ಥ್ಯಾಂಕ್ಸ್ ಬೇರೆ ಹೇಳುವ ಫೈನಾನ್ಶಿಯರ್ ಗಾಂಧಿನಗರದ ಯಾವ ನಿರ್ಮಾಪಕನಿಗೂ ಇದುವರೆಗೆ ಸಿಕ್ಕಿಲ್ಲ.

ಉಳಿದ ಸ್ಟುಡಿಯೋಗಳು ಸುಮ್ಮನಿರುತ್ತವೆಯೇ? ಸೋನಿ ತನ್ನ ಕೊಲಂಬಿಯಾ ಚಿತ್ರಗಳ ಪಟ್ಟಿ ಹಿಡಿದು ಬಂತು. ಎಂಜಿಎಂ ಬಂತು, ಯೂನಿವರ್ಸಲ್ ಬಂತು, 2012ರಲ್ಲಿ ಫಾಕ್ಸ್ ಕೂಡ ಬಂತು.

ಇನ್ನು ಆ ಡಿಸ್ಕಿನ ದಿವ್ಯ ರೂಪ. ಕಾರ್ಖಾನೆಯ ಡಿವಿಡಿಯ ಬೆನ್ನು ಬೆಳ್ಳಿಯಂತೆ ಹೊಳೆಯುತ್ತದೆ. ಇದರ ಬೆನ್ನು ನೇರಳೆ. ಮನೆಯಲ್ಲಿ ಮಗಳ ಅರಂಗೇಟ್ರಂ ವಿಡಿಯೋ ಕಾಪಿ ಮಾಡಿಕೊಂಡವರಿಗೆಲ್ಲ ಆ ಬಣ್ಣದ ಪರಿಚಯವಿದೆ. ಎರಡೂ ಒಂದೇ ಜಾತಿ: ಬಣ್ಣದ ಪದರವನ್ನು ಲೇಸರ್ ಸುಟ್ಟು ಗುರುತು ಮಾಡುವ ಡಿವಿಡಿ-ಆರ್. ಡಬ್ಬಿಯ ಮೇಲೆ ಎರಡು ಎಚ್ಚರಿಕೆ. ಒಂದು, ಈ ಡಿಸ್ಕ್ ಬರೀ ಪ್ಲೇ ಮಾಡುವ ಯಂತ್ರಗಳಲ್ಲಿ ಓಡುವ ನಿರೀಕ್ಷೆಯಿದೆ, ರೆಕಾರ್ಡರ್ ಮತ್ತು ಕಂಪ್ಯೂಟರ್‌ಗಳಲ್ಲಿ ಓಡದೆಯೂ ಇರಬಹುದು. ‘ನಿರೀಕ್ಷೆಯಿದೆ’ ಎಂದರೆ ಮಾರಿದವರಿಗೂ ಗ್ಯಾರಂಟಿಯಿಲ್ಲ, ನಿಮ್ಮ ಹಾಗೆ ಅವರೂ ಆಸೆಯಿಂದ ಕಾಯುತ್ತಿದ್ದಾರೆ. ಎರಡು, ಸದ್ಯಕ್ಕೆ ಸಿಕ್ಕ ಮಾಸ್ಟರುಗಳಲ್ಲಿ ಉತ್ತಮವಾದದ್ದರಿಂದಲೇ ಇದನ್ನು ತಯಾರಿಸಿದೆ, ಇದಕ್ಕಾಗಿ ಪ್ರತ್ಯೇಕವಾಗಿ ದುರಸ್ತಿಯನ್ನೇನೂ ಮಾಡಿಲ್ಲ. ತಮ್ಮ ಸ್ವಂತ ನೆಲಮಾಳಿಗೆಯ ಬಗ್ಗೆ ‘ಸಿಕ್ಕದ್ದರಲ್ಲಿ’ ಎಂದು ಮಾತಾಡುವ ವಿನಯವನ್ನು ಮೆಚ್ಚಬೇಕು.

ಅಡಿಬರಹ ಬಹುಪಾಲು ಇಲ್ಲ. ಕಿವಿ ಮಂದವಾದ ವಯಸ್ಸಿನವರೇ ಹೆಚ್ಚಾಗಿ ಕೊಳ್ಳುವ ಸರಕಿನಲ್ಲಿ ಅಡಿಬರಹವನ್ನು ಕೈಬಿಟ್ಟದ್ದು ಯಾರ ಐಡಿಯಾವೋ, ಅವರಿಗೊಂದು ಬಡ್ತಿ ಸಿಕ್ಕಿರಬೇಕು. ಮೊದಲ ಡಿಸ್ಕುಗಳಲ್ಲಿ ದೃಶ್ಯಕ್ಕೊಂದು ಅಧ್ಯಾಯ ಮಾಡುವ ಗೋಜೂ ಇರಲಿಲ್ಲ. ಹತ್ತು ನಿಮಿಷಕ್ಕೊಂದು ಗೂಟ ಹೊಡೆದಿದ್ದರು. ನಾಯಕ ನಾಯಕಿಯ ಕಡೆ ಬಾಗುವಾಗ ಮೂರನೆಯ ಅಧ್ಯಾಯ, ತುಟಿ ಸೇರುವ ಹೊತ್ತಿಗೆ ನಾಲ್ಕನೆಯದು. ಕೊಲೆಗಾರ ಒಂದರಲ್ಲಿ ಚಾಕು ಎತ್ತಿದರೆ ಇನ್ನೊಂದರಲ್ಲಿ ಇಳಿಸುತ್ತಾನೆ. ಎಲ್ಲ ಚಿತ್ರಗಳಿಗೂ ಒಂದೇ ಅಳತೆ. ಸಾಮಾಜಿಕ ನ್ಯಾಯ ಎಂದರೆ ಇದೇ.

ಬೆಲೆಯ ವಿಷಯ ಕೇಳಿ. ವಾಲ್‌ಮಾರ್ಟ್ ಅಂಗಡಿಯಲ್ಲಿ ಆಗ ಒಂದು ದೊಡ್ಡ ತೊಟ್ಟಿ ಇರುತ್ತಿತ್ತು. ಕಾರ್ಖಾನೆಯಲ್ಲಿ ಒತ್ತಿದ, ಬೆಳ್ಳಿ ಬೆನ್ನಿನ, ಅಡಿಬರಹ ಸಮೇತ ಡಿವಿಡಿಗಳನ್ನು ಐದು ಡಾಲರಿಗೊಂದರಂತೆ ಆ ತೊಟ್ಟಿಯಲ್ಲಿ ಸುರಿದಿರುತ್ತಿದ್ದರು. ಎಲ್ಲರೂ ನೋಡಿದ ಸಿನಿಮಾ ಐದು ಡಾಲರ್, ಯಾರೂ ನೋಡದ ಸಿನಿಮಾ ಇಪ್ಪತ್ತು ಡಾಲರ್. ಅರ್ಥಶಾಸ್ತ್ರದವರು ಇದಕ್ಕೆ ಬೇಡಿಕೆ-ಪೂರೈಕೆ ಎನ್ನುತ್ತಾರೆ. ಬೇಡಿಕೆ ಕಡಿಮೆಯಾದರೆ ಬೆಲೆ ಇಳಿಯಬೇಕು ಎಂದು ಅವರೇ ಹಿಂದೆ ಪಾಠ ಮಾಡಿದ್ದರು, ಇರಲಿ. ಇಲ್ಲಿ ಮಾರುತ್ತಿದ್ದದ್ದು ಸಿನಿಮಾವನ್ನಲ್ಲ, ಐವತ್ತು ವರ್ಷ ಕಾದ ಮನುಷ್ಯನ ಹಂಬಲವನ್ನು. ಅದಕ್ಕೆ ಐದು ಡಾಲರ್ ಇಟ್ಟರೆ ಅವಮಾನವಲ್ಲವೇ?

ಹಾಗೆಂದು ಆ ಮನುಷ್ಯ ಐವತ್ತು ವರ್ಷವೂ ಕೈ ಕಟ್ಟಿ ಕೂತಿರಲಿಲ್ಲ. 1994ರಲ್ಲಿ ಟರ್ನರ್ ಕ್ಲಾಸಿಕ್ ಮೂವೀಸ್ ಎಂಬ ಟೀವಿ ಚಾನೆಲ್ ಶುರುವಾದ ಮೇಲೆ ಅವನು ರಾತ್ರಿ ಮೂರಕ್ಕೆ ಅಲಾರಂ ಇಟ್ಟು ಎದ್ದು, ಹಳೆಯ ಚಿತ್ರಗಳನ್ನು ಟೇಪಿಗೆ ಇಳಿಸಿಕೊಳ್ಳುತ್ತಿದ್ದ. ಆಮೇಲೆ ಟೇಪು ಹೋಗಿ ಡಿವಿಡಿ-ಆರ್ ಬಂತು. ತನ್ನಂಥವರ ಜೊತೆ ಕಾಪಿ ಅದಲುಬದಲು ಮಾಡಿಕೊಂಡ. ಹಾಗೆ ಹಂಚಿದರೆ ಕಳ್ಳಕಾಪಿ; ಡಿಸ್ಕಿನ ತಲೆಯಲ್ಲಿ ಎಫ್‌ಬಿಐ ಮುದ್ರೆಯ ಬೆದರಿಕೆ ಬರುವುದು ಇಂಥವರಿಗಾಗಿಯೇ. ಆ ಚಾನೆಲ್ಲಿನ ಯಜಮಾನ ಟರ್ನರ್ ಕಂಪನಿ 1996ರಲ್ಲಿ ಟೈಮ್ ವಾರ್ನರ್ ಜೊತೆ ಒಂದಾಯಿತು. ಹದಿಮೂರು ವರ್ಷದ ನಂತರ ಅದೇ ಮನೆತನ ಅವೇ ಸಿನಿಮಾಗಳನ್ನು ಅದೇ ನೇರಳೆ ಡಿಸ್ಕಿಗೆ ಬರ್ನ್ ಮಾಡಿ ಮಾರಿತು. ಅಭಿಮಾನಿ ತನ್ನ ಮನೆಯಲ್ಲಿ ಮಾಡಿಟ್ಟ ಕಾಪಿಗೂ ಇದಕ್ಕೂ ಇದ್ದ ವ್ಯತ್ಯಾಸ ಎಂದರೆ ಇದರ ತಲೆಯಲ್ಲಿ ಆ ಎಫ್‌ಬಿಐ ಎಚ್ಚರಿಕೆ ಇತ್ತು.

ಅಷ್ಟಕ್ಕೂ ಈ ಸಿನಿಮಾಗಳು ಯಾರವು? ಈ ಪ್ರಶ್ನೆ ಕೇಳಿದರೆ ಗೋತ್ರ ಪ್ರವರ ಶುರುವಾಗುತ್ತದೆ. 1956ರಲ್ಲಿ ವಾರ್ನರ್ ಕಂಪನಿ 1950ಕ್ಕಿಂತ ಹಿಂದಿನ ತನ್ನ ಚಿತ್ರಗಳನ್ನು ಹಳೇ ಸಾಮಾನು ಎಂದು ಮಾರಿಹಾಕಿತು. ಕೊಂಡವರು ಟೀವಿಗೆ ಸಿನಿಮಾ ಒದಗಿಸುವ ಒಂದು ಕಂಪನಿಯವರು. ಅವರನ್ನು ಎರಡೇ ವರ್ಷದಲ್ಲಿ ಯುನೈಟೆಡ್ ಆರ್ಟಿಸ್ಟ್ಸ್ ನುಂಗಿತು. ಯುನೈಟೆಡ್ ಆರ್ಟಿಸ್ಟ್ಸನ್ನು 1981ರಲ್ಲಿ ಎಂಜಿಎಂ ನುಂಗಿತು. ಎಂಜಿಎಂ ಅನ್ನು 1986ರಲ್ಲಿ ಟೆಡ್ ಟರ್ನರ್ ನುಂಗಿ, ಜೀರ್ಣವಾಗದೆ ಹೆಸರು, ಸ್ಟುಡಿಯೋ ಎಲ್ಲವನ್ನೂ ಹೊರಹಾಕಿ, ಹಳೆಯ ಸಿನಿಮಾಗಳನ್ನು ಮಾತ್ರ ಹೊಟ್ಟೆಯಲ್ಲಿಟ್ಟುಕೊಂಡ. ಟರ್ನರ್ ಕಂಪನಿಯನ್ನು 1996ರಲ್ಲಿ ವಾರ್ನರ್ ಮನೆತನ ಸೇರಿಸಿಕೊಂಡಾಗ, ನಲವತ್ತು ವರ್ಷದ ಹಿಂದೆ ತಾನೇ ಮಾರಿದ ಸಿನಿಮಾಗಳು ನಾಲ್ಕು ಹೊಟ್ಟೆ ದಾಟಿ ಮನೆಗೆ ಬಂದವು. ಜೊತೆಗೆ ಎಂಜಿಎಂ ಮನೆಯ ಅಷ್ಟೂ ಹಳೆಯ ಆಸ್ತಿ ಕೊಸರಾಗಿ ಬಂತು.

ಪರಿಣಾಮ ಏನಾಯಿತೆಂದರೆ, ಎಂಜಿಎಂನ ಸಿಂಹ ಘರ್ಜಿಸುವ 1930, 40ರ ದಶಕದ ಚಿತ್ರ ಬೇಕೆಂದರೆ ವಾರ್ನರ್ ಕಂಪನಿಗೆ ದುಡ್ಡು ಕಟ್ಟಬೇಕು. ಎಂಜಿಎಂ ಹೆಸರಿನಲ್ಲೇ ಬಂದ ಲಿಮಿಟೆಡ್ ಎಡಿಷನ್ ಕಲೆಕ್ಷನ್ ಕೊಂಡರೆ ಅದರಲ್ಲಿ ಸಿಗುತ್ತಿದ್ದದ್ದು ಯುನೈಟೆಡ್ ಆರ್ಟಿಸ್ಟ್ಸ್, ಒರಾಯನ್, ಅಮೆರಿಕನ್ ಇಂಟರ್‌ನ್ಯಾಷನಲ್ ಎಂಬ ಬೇರೆ ಬೇರೆ ಕಂಪನಿಗಳ ಮಕ್ಕಳು. ಆ ಸಿನಿಮಾಗಳಿಗೆ ಬಣ್ಣ ಬಳಿದವನು, ಬೆಳಕು ಹಿಡಿದವನು, ಸಂಭಾಷಣೆ ಬರೆದವನು ಯಾರೂ ಈ ಮಾರಾಟಗಳಲ್ಲಿ ಪಾತ್ರಧಾರಿಗಳಲ್ಲ. ಕ್ಯಾಮೆರಾ ಮುಟ್ಟದವರ ನಡುವೆ ನಡೆದ ಕೊಡುಕೊಳ್ಳುವಿಕೆ ಅದು.

ಫಾಕ್ಸ್ ಕಂಪನಿಯ ಸಾಧನೆಗೆ ಒಂದು ಪ್ರತ್ಯೇಕ ಸನ್ಮಾನ ಇಡಬೇಕು. 1953ರಲ್ಲಿ ಟೀವಿ ಎಂಬ ಪುಟ್ಟ ಪೆಟ್ಟಿಗೆ ಗಿರಾಕಿಗಳನ್ನು ಮನೆಯಲ್ಲೇ ಕೂರಿಸಿಕೊಂಡಾಗ, ಫಾಕ್ಸ್ ಅದಕ್ಕೆ ಎದುರಾಗಿ ಸಿನಿಮಾಸ್ಕೋಪ್ ಎಂಬ ಬ್ರಹ್ಮಾಸ್ತ್ರ ಬಿಟ್ಟಿತು. ‘ದಿ ರೋಬ್’ ಆ ಬಗೆಯ ಮೊದಲ ಚಿತ್ರ. ಎತ್ತರದ ಎರಡೂವರೆ ಪಟ್ಟು ಅಗಲದ ಪರದೆ. ನಿರ್ದೇಶಕರು ಕಷ್ಟಪಟ್ಟು ಆ ಅಗಲವನ್ನು ತುಂಬಿಸಲು ಕಲಿತರು; ಒಂದು ತುದಿಯಲ್ಲಿ ಗಂಡ, ಇನ್ನೊಂದು ತುದಿಯಲ್ಲಿ ಹೆಂಡತಿ, ನಡುವೆ ಹತ್ತು ವರ್ಷದ ಮುನಿಸು. ಅಂಥ ಚಿತ್ರಗಳು ಹಳೆಯ ಟೀವಿಯ ಚೌಕಕ್ಕೆ ಹಿಡಿಸುವುದಿಲ್ಲವಲ್ಲ, ಹಾಗಾಗಿ ಎರಡೂ ಬದಿ ಕತ್ತರಿಸಿ ತುರುಕುತ್ತಿದ್ದರು. ಹತ್ತಿರ ಹತ್ತಿರ ಅರ್ಧ ಚಿತ್ರ ಮಾಯ. ಗಂಡ ಹೆಂಡತಿಯ ಜಗಳ ಎರಡು ಮೂಗುಗಳ ಸಂವಾದವಾಗುತ್ತಿತ್ತು.

2012ರ ಹೊತ್ತಿಗೆ ಟೀವಿಗಳೇ ಅಗಲವಾದವು, ಕತ್ತರಿಗೆ ಕೆಲಸವಿಲ್ಲ ಎಂದು ಲೋಕ ನಿಟ್ಟುಸಿರು ಬಿಟ್ಟಿತ್ತು. ಆಗ ಬಂದ ಫಾಕ್ಸ್ ಸಿನಿಮಾ ಆರ್ಕೈವ್ಸ್ ಮಾಲಿಕೆಯಲ್ಲಿ ಹಲವು ಸಿನಿಮಾಸ್ಕೋಪ್ ಚಿತ್ರಗಳು ಹಳೆಯ ಟೀವಿಗೆ ಕತ್ತರಿಸಿಟ್ಟ ಕಾಪಿಯಿಂದಲೇ ಹೊರಬಂದವು. ಅಗಲವಾದ ಪರದೆಗೆ ತೆಗೆದ ಚಿತ್ರ, ಅಗಲವಾದ ಟೀವಿಯಲ್ಲಿ, ಎಡಬಲದಲ್ಲಿ ಕಪ್ಪು ಪಟ್ಟಿ ಹೊದ್ದು ನಡುವೆ ಮುದುರಿ ಕೂತಿತು. ಸಿನಿಮಾಸ್ಕೋಪ್ ತಂದವರಿಂದಲೇ ಸಿನಿಮಾಸ್ಕೋಪಿಗೆ ಈ ಮರ್ಯಾದೆ. ನೆಲಮಾಳಿಗೆಯಲ್ಲಿ ಅಗಲದ ಪ್ರತಿ ಹುಡುಕಲು ಒಬ್ಬನನ್ನು ಇಳಿಸಬೇಕಿತ್ತು. ಇಳಿದವನಿಗೆ ಸಂಬಳ ಕೊಡಬೇಕಿತ್ತು. ಕತ್ತರಿಸಿದ ಕಾಪಿ ಮೇಜಿನ ಮೇಲೇ ಇತ್ತು.

‘ಇಷ್ಟಾದರೂ ಕೊಟ್ಟರಲ್ಲ’ ಎನ್ನುವವರಿಗೆ ಇದಕ್ಕಿಂತ ಹಿಂದಿನ ಆಡಳಿತದ ಪರಿಚಯವಿರುತ್ತದೆ. 1937ರಲ್ಲಿ ನ್ಯೂಜೆರ್ಸಿಯ ಲಿಟ್ಲ್ ಫೆರಿಯಲ್ಲಿ ಫಾಕ್ಸ್ ಉಗ್ರಾಣಕ್ಕೆ ಬೆಂಕಿ ಬಿದ್ದು ಅದರ ಮೂಕಿ ಚಿತ್ರಗಳಲ್ಲಿ ಬಹುಪಾಲು ಸುಟ್ಟುಹೋದವು. ನೈಟ್ರೇಟ್ ಫಿಲ್ಮು ತಾನಾಗಿ ಹೊತ್ತಿಕೊಳ್ಳುವ ಸ್ವಭಾವದ್ದು, ಹೋಗಲಿ ಎನ್ನೋಣ. ಆದರೆ 1948ರಲ್ಲಿ ಯೂನಿವರ್ಸಲ್ ಕಂಪನಿ ಬೆಂಕಿಗಾಗಿ ಕಾಯದೆ ತನ್ನಲ್ಲಿ ಉಳಿದಿದ್ದ ಮೂಕಿ ಚಿತ್ರಗಳನ್ನು ತಾನೇ ನಾಶಮಾಡಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಹಾಕಿಸಿದಾಗ, 1912ರಿಂದ 1929ರವರೆಗೆ ಅಲ್ಲಿ ತಯಾರಾದ 10,919 ಮೂಕಿ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲಿ ಪೂರ್ತಿ ಉಳಿದವು ನೂರಕ್ಕೆ ಹದಿನಾಲ್ಕು. ಆ ಕಾಲದ ಮ್ಯಾನೇಜರಿಗೆ ಹೋಲಿಸಿದರೆ ನೇರಳೆ ಡಿಸ್ಕಿನ ಮ್ಯಾನೇಜರ್ ಪುಣ್ಯಾತ್ಮ. ಬಾಗಿಲು ತೆರೆಯಲು ದುಡ್ಡು ಕೇಳುತ್ತಾನೆ, ಕಡ್ಡಿ ಗೀರುವುದಿಲ್ಲ.

ಸುಡುವುದಕ್ಕೂ ತೋರಿಸದಿರುವುದಕ್ಕೂ ಒಡೆಯನಿಗೆ ಹಕ್ಕಿದೆ. ಆ ಹಕ್ಕಿನ ಆಯುಷ್ಯದ ವಿಷಯದಲ್ಲಿ ಮಾತ್ರ ಸ್ಟುಡಿಯೋಗಳು ಜಿಪುಣತನ ತೋರಿಲ್ಲ. 1998ರಲ್ಲಿ ಅಮೆರಿಕದ ಸಂಸತ್ತು ಹಳೆಯ ಚಿತ್ರಗಳ ಹಕ್ಕುಸ್ವಾಮ್ಯವನ್ನು 75 ವರ್ಷದಿಂದ 95ಕ್ಕೆ ಎಳೆಯಿತು. ಅದರ ವಿರುದ್ಧದ ಮೊಕದ್ದಮೆ 2003ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್, ಅಷ್ಟು ಹಳೆಯ ಕೃತಿಗಳಲ್ಲಿ ಇನ್ನೂ ಕಾಸು ಹುಟ್ಟಿಸುವಂಥವು ನೂರಕ್ಕೆ ಎರಡರಷ್ಟೇ ಎಂಬ ಅಂದಾಜನ್ನು ಮುಂದಿಟ್ಟಿದ್ದರು. ಎರಡನ್ನು ಕಾಯಲು ತೊಂಬತ್ತೆಂಟಕ್ಕೆ ಬೀಗ. ಮೊಮ್ಮಕ್ಕಳ ಕಾಲದವರೆಗೂ ಇದು ನಮ್ಮದೇ ಎಂದು ದೆಹಲಿಗಿಂತ ದೂರದ ವಾಷಿಂಗ್ಟನ್ನಿನಲ್ಲಿ ಹೋರಾಡಿ ಗೆದ್ದವರು, ಅದನ್ನು ಜನಕ್ಕೆ ತೋರಿಸಿ ಎಂದಾಗ ಮಾತ್ರ ಮೊದಲು ಇಪ್ಪತ್ತು ಡಾಲರ್ ಇಡಿ ಎಂದರು.

ಒಡೆಯನಿಲ್ಲದಿದ್ದರೆ ಸಿನಿಮಾದ ಗತಿಯೇನು ಎಂದು ಆತಂಕಪಡುವವರು ನಿರ್ದೇಶಕ ಫ್ರಾಂಕ್ ಕಾಪ್ರಾನ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಜಾತಕ ನೋಡಬೇಕು. 1946ರಲ್ಲಿ ಬಂದಾಗ ಅದು ಹಾಕಿದ ದುಡ್ಡನ್ನೂ ವಾಪಸು ತರಲಿಲ್ಲ. 1974ರಲ್ಲಿ ಅದರ ಹಕ್ಕನ್ನು ನವೀಕರಿಸಲು ಯಾರೋ ಮರೆತರು. ಬಿಟ್ಟಿ ಸಿಕ್ಕಿತೆಂದು ಊರೂರಿನ ಟೀವಿ ಸ್ಟೇಷನ್ನುಗಳು ಪ್ರತಿ ಕ್ರಿಸ್‌ಮಸ್ಸಿಗೂ ಹಗಲು ರಾತ್ರಿ ಹಾಕಿದವು. ಇಪ್ಪತ್ತು ವರ್ಷದೊಳಗೆ ಅದು ಅಮೆರಿಕದ ಮನೆಮನೆಯ ಹಬ್ಬದ ಚಿತ್ರವಾಯಿತು. ಯಾವ ಪ್ರಚಾರ ವಿಭಾಗವೂ ಮಾಡಲಾಗದ್ದನ್ನು ಒಬ್ಬ ಗುಮಾಸ್ತನ ಮರೆವು ಮಾಡಿತ್ತು. ಚಿತ್ರಕ್ಕೆ ಬೆಲೆ ಬಂದದ್ದು ಗೊತ್ತಾದೊಡನೆ, 1993ರಲ್ಲಿ, ಮೂಲ ಕಥೆ ಮತ್ತು ಸಂಗೀತದ ಹಕ್ಕಿನ ಕಾಗದ ಹಿಡಿದು ಒಡೆಯ ಪ್ರತ್ಯಕ್ಷನಾದ. ಮಗು ರ‍್ಯಾಂಕ್ ಬಂದ ದಿನ ತಂದೆ ಮನೆಗೆ ಬಂದ ಹಾಗೆ.

ನಮ್ಮ ಹೆಗ್ಗಡದೇವನಕೋಟೆಯ ಕಾರಾಪುರದ ಮಾವುತನ ಮಗ ಸಾಬುವಿನ ಕಥೆಯೂ ಇಲ್ಲಿಗೆ ಸೇರಿದ್ದೇ. ‘ಎಲಿಫೆಂಟ್ ಬಾಯ್’ ಚಿತ್ರಕ್ಕಾಗಿ ಮೈಸೂರಿನ ಕಾಡಿಗೆ ಬಂದವರ ಕಣ್ಣಿಗೆ ಬಿದ್ದು ಇಂಗ್ಲೆಂಡಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋದ ಹುಡುಗ 1942ರ ‘ಜಂಗಲ್ ಬುಕ್’ನಲ್ಲಿ ಮೋಗ್ಲಿಯಾದ. ಆ ಚಿತ್ರ ಅಮೆರಿಕದಲ್ಲಿ ಹಕ್ಕುಸ್ವಾಮ್ಯದಿಂದ ಜಾರಿ ಸಾರ್ವಜನಿಕ ಸ್ವತ್ತಾಗಿದೆ. ಹಾಗಾಗಿ ಯಾರು ಬೇಕಾದರೂ ಡಿಸ್ಕ್ ಮಾಡಿ ಮಾರಬಹುದು, ಮಾರಿದ್ದಾರೆ ಕೂಡ. ಕೆಲವು ಕಾಪಿಗಳಲ್ಲಿ ಬಣ್ಣ ಕೊಳೆತ ಮಾವಿನಹಣ್ಣಿನಂತಿದೆ, ನಿಜ. ಆದರೂ ಸಾಬುವನ್ನು ನೋಡಲು ಯಾರ ನೆಲಮಾಳಿಗೆಯ ಬಾಗಿಲನ್ನೂ ತಟ್ಟಬೇಕಿಲ್ಲ.

ಹೊಟ್ಟೆಕಿಚ್ಚಿಲ್ಲದೆ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪಾಪ ಸುತ್ತಿಕೊಳ್ಳುತ್ತದೆ. ವಾರ್ನರ್ ಆರ್ಕೈವಿನ ಒಳಗೆ ಸಿನಿಮಾದ ಹುಚ್ಚು ಹತ್ತಿದ ಕೆಲವರಿದ್ದರು. ಜಾರ್ಜ್ ಫೆಲ್ಟನ್‌ಸ್ಟೈನ್ ಅವರಂಥವರು ಲೆಕ್ಕಿಗರ ಕಣ್ಣೆದುರೇ ಪಟ್ಟಿಯನ್ನು ಸಾವಿರ ದಾಟಿಸಿದರು, 2012ರಿಂದ ಕಾರ್ಖಾನೆಯಲ್ಲೇ ಒತ್ತಿದ ಬ್ಲೂ-ರೇ ತಂದರು, ಮೂಲ ನೆಗೆಟಿವ್ ಹುಡುಕಿಸಿ ಸ್ಕ್ಯಾನ್ ಮಾಡಿಸಿದರು. ಅವರ ಕೆಲಸ ನೋಡಿದರೆ ಮೇಲಿನ ಬೈಗುಳದಲ್ಲಿ ಅರ್ಧ ವಾಪಸು ಪಡೆಯಬೇಕೆನಿಸುತ್ತದೆ. ಇನ್ನರ್ಧ ಇರಲಿ, ಮುಂದೆ ಬೇಕಾಗುತ್ತದೆ.

ಏಕೆಂದರೆ ಅಷ್ಟರಲ್ಲಿ ಡಿಸ್ಕೇ ಬೇಡ, ಎಲ್ಲವೂ ಆಕಾಶದಲ್ಲಿ ಸಿಗುತ್ತದೆ ಎಂಬ ವಾಣಿ ಹೊರಟಿತ್ತು. ಅದೇ ಸಂಗ್ರಹದಿಂದ ಚಂದಾದಾರರಿಗಾಗಿ 2013ರಲ್ಲಿ ವಾರ್ನರ್ ಆರ್ಕೈವ್ ಇನ್‌ಸ್ಟಂಟ್ ಶುರುವಾಯಿತು, 2018ರಲ್ಲಿ ಮುಚ್ಚಿತು. ಅದರ ಚಂದಾದಾರರನ್ನು ಫಿಲ್ಮ್‌ಸ್ಟ್ರಕ್ ಎಂಬ ಇನ್ನೊಂದು ತಾಣಕ್ಕೆ ಹತ್ತಿಸಿದರು. ಟೆಲಿಫೋನ್ ಕಂಪನಿ ಎಟಿ ಆ್ಯಂಡ್ ಟಿ ಯಜಮಾನನಾಗಿ ಬಂದು ಅದೇ ವರ್ಷದ ನವೆಂಬರಿನಲ್ಲಿ ಅದನ್ನೂ ಮುಚ್ಚಿತು. ನೋಡುವವರು ಕಡಿಮೆಯಂತೆ. 2022ರಲ್ಲಿ ಯಜಮಾನಿಕೆ ಡಿಸ್ಕವರಿ ಕೈಗೆ ಬಂದಾಗ ವ್ಯವಹಾರ ಇನ್ನೂ ಸುಧಾರಿಸಿತು. ‘ಬ್ಯಾಟ್‌ಗರ್ಲ್’ ಎಂಬ ಚಿತ್ರದ ಶೂಟಿಂಗ್ ಮುಗಿದಿತ್ತು. ಸುಮಾರು ಒಂಬತ್ತು ಕೋಟಿ ಡಾಲರ್ ಖರ್ಚಾಗಿತ್ತು ಎಂದು ವರದಿ. ಬಿಡುಗಡೆ ಮಾಡುವುದಕ್ಕಿಂತ ಬಚ್ಚಿಟ್ಟು ತೆರಿಗೆಯಲ್ಲಿ ನಷ್ಟ ತೋರಿಸುವುದೇ ಲೇಸೆಂದು ಅದನ್ನು ಹಾಗೇ ಒಳಗಿಟ್ಟರು. ಸಿನಿಮಾ ಹಳತಾಗಿ, ಜನ ಮರೆತು, ಆಮೇಲೆ ನೆಲಮಾಳಿಗೆ ಸೇರಬೇಕು ಎಂಬ ಸಂಪ್ರದಾಯವನ್ನು ಮುರಿದು, ಹುಟ್ಟಿದ ದಿನವೇ ಇಳಿಸಿದ ಕೀರ್ತಿ ಅವರದು. ನೇರಳೆ ಡಿಸ್ಕ್ ಕೊಂಡವನು ಈಗ ಮೀಸೆ ತಿರುವುತ್ತಿದ್ದಾನೆ. ಅವನ ಕಪಾಟಿನಲ್ಲಿರುವುದನ್ನು ಯಾವ ಯಜಮಾನನೂ ರಾತ್ರೋರಾತ್ರಿ ಅಳಿಸಲಾರ.

ಅಳಿಸಬೇಕಾಗಿಲ್ಲ, ಅದು ತಾನೇ ಅಳಿಯುತ್ತದೆ. ಅಳಿಯುತ್ತಿರುವುದು ನೇರಳೆ ಡಿಸ್ಕ್ ಎಂದುಕೊಂಡರೆ ಅಲ್ಲ, ಕಾರ್ಖಾನೆಯಲ್ಲಿ ಒತ್ತಿದ ಬೆಳ್ಳಿ ಬೆನ್ನಿನದ್ದು. ಮುಖ್ಯವಾಗಿ 2006ರಿಂದ 2008ರವರೆಗೆ ಒತ್ತಿದ ವಾರ್ನರ್ ಡಿವಿಡಿಗಳಲ್ಲಿ ಬಹಳಷ್ಟು ಒಳಗೊಳಗೇ ಕೊಳೆತು ಓಡದಂತಾಗಿವೆ ಎಂಬ ದೂರುಗಳು ಹೆಚ್ಚಾಗಿ, 2025ರಲ್ಲಿ ಕಂಪನಿ ಅದನ್ನು ಒಪ್ಪಿಕೊಂಡಿತು. ಸಾಧ್ಯವಾದಲ್ಲಿ ಅದೇ ಚಿತ್ರದ ಹೊಸ ಡಿಸ್ಕ್ ಕೊಡುತ್ತೇವೆ ಎಂದಿತು. ಆದರೆ ಕೆಲವು ಚಿತ್ರಗಳ ಮುದ್ರಣ ನಿಂತಿದೆ, ಕೆಲವುಗಳ ಹಕ್ಕಿನ ಅವಧಿ ಮುಗಿದಿದೆ. ಅಂಥ ಕಡೆ ಗಿರಾಕಿಗೆ ಅಷ್ಟೇ ಬೆಲೆಯ ಬೇರೊಂದು ಚಿತ್ರ ಕೊಡಲಾಗುವುದು.

ನೀವು ಬೆಟ್ಟಿ ಡೇವಿಸ್ ಕೊಳೆತಳೆಂದು ಕಳಿಸಿ, ಅವರು ಕಾರ್ ರೇಸಿನ ಚಿತ್ರವೊಂದನ್ನು ವಾಪಸು ಕಳಿಸಬಹುದು. ಇಬ್ಬರ ಬೆಲೆಯೂ ಒಂದೇ ಎಂದು ಲೆಕ್ಕಿಗರೇ ತೂಗಿ ನೋಡಿರುತ್ತಾರೆ. ಇಷ್ಟವಾಗದಿದ್ದರೆ ಬೇರೆ ಕೇಳಿ, ಸಂಕೋಚ ಬೇಡ. ‘ಬ್ಯಾಟ್‌ಗರ್ಲ್’ ಒಂದನ್ನು ಮಾತ್ರ ಕೇಳಬೇಡಿ.